ಮರಳುಗಾಡಿನಲ್ಲಿ ಟಾನ್ಯಾಳ ಹಡಗು

ಬಲ್ಮಠದ ಆಸುಪಾಸಿನಲ್ಲಿ ಕೆಥೊಲಿಕರ ಮದುವೆಗೆ ಹೋಗಿ, ಊಟ ಯಾವಾಗ ಬಡಿಸುತ್ತಾರೋ ಎಂದು ಕಂಗೆಟ್ಟು ಕುಳಿತವರಿಗೆಲ್ಲ ಆಂಬ್ರೋಸ್ ಗೊತ್ತು. ಕೋಟು ತೊಟ್ಟು, ಮೈಕು ಹಿಡಿದು, ವಧೂವರರನ್ನು ಒಳಗೆ ಕರೆಯುವುದರಿಂದ ಹಿಡಿದು ಕೇಕು ಕತ್ತರಿಸಿ ಟೋಸ್ಟ್ ಎಂಬ ಹಾರೈಕೆಯ ಭಾಷಣ ಹೇಳುವವರೆಗೆ ಎಲ್ಲವನ್ನೂ ನಡೆಸಿಕೊಡುವವರು ಅವರು. "ಕೊನೆಯದಾಗಿ ಒಂದೇ ಒಂದು ಮಾತು" ಎಂದು ಅವರು ಹೇಳಿದರೆ, ಅಡುಗೆಯವರು ಹಂದಿಮಾಂಸದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಡುತ್ತಾರೆ ಎಂಬ ತಮಾಷೆಯೊಂದು ನಮ್ಮಲ್ಲಿ ಉಂಟು. ಇಷ್ಟಾಗಿಯೂ ನಮ್ಮ ಮನೆಯ ಮದುವೆಗೆ ನಾವು ಅವರನ್ನೇ ಕರೆಯುತ್ತೇವೆ. ಬೇರೆಯವರ ಹಸಿವಿನ ವಿಷಯದಲ್ಲಿ ಮಂಗಳೂರಿನವರಾದ ನಾವು ಬಹಳ ಉದಾರಿಗಳು.

ಹಿಂದೆ ಅವರಿಗೊಂದು ನೌಕರಿ ಇತ್ತು, ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ. ಕಾರ್ಖಾನೆ ಮುಚ್ಚಿತು, ಮೈಕು ಉಳಿಯಿತು. ಮಾತಿನಲ್ಲಿ ಎಂದೂ ದಾರಿ ತಪ್ಪದ ಆಂಬ್ರೋಸರಿಗೆ ರಸ್ತೆಯಲ್ಲಿ ಮಾತ್ರ ದಿಕ್ಕು ತಿಳಿಯುವುದಿಲ್ಲ. ಒಮ್ಮೆ ಸುರತ್ಕಲ್ಲಿನ ಮದುವೆಗೆಂದು ಫೋನಿನ ಮ್ಯಾಪ್ ಹಿಡಿದು ಹೊರಟವರು, ಪಕ್ಕದ ಇನ್ನೊಂದು ಹಾಲಿಗೆ ಹೊಕ್ಕು, ಗುರುತಿಲ್ಲದ ಗಂಡು ಹೆಣ್ಣನ್ನು ಒಂದಷ್ಟು ಹೊತ್ತು ಬಾಯ್ತುಂಬ ಹೊಗಳಿದರು. ಅಲ್ಲಿಯೂ ಕಾರ್ಯಕ್ರಮ ನಡೆಸುವ ಎಂಸಿ ಇನ್ನೂ ಬಂದಿರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮದುಮಗನ ಹೆಸರನ್ನು ತಪ್ಪಾಗಿ ಹೇಳಿದಾಗಲೇ ಗೊತ್ತಾದದ್ದು.

"ಮ್ಯಾಪ್ ತಪ್ಪಲಿಲ್ಲ, ಹಾಲ್ ತಪ್ಪಿದ್ದು" ಎಂದು ಅವರು ಆಮೇಲೆ ಹೆಂಡತಿ ಎವ್ಲಿನ್‌ಗೆ ವಿವರಿಸಿದರು. ಎವ್ಲಿನ್ ಬಾಯಿ (ಮರ್ಯಾದೆಗೆ ನಮ್ಮಲ್ಲಿ ಗಂಡಸರಿಗೆ ಬಾಬ್, ಹೆಂಗಸರಿಗೆ ಬಾಯಿ ಎನ್ನುವುದು) ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಉತ್ತರ ತಪ್ಪಿದ ಮಕ್ಕಳನ್ನು ನೋಡುತ್ತಿದ್ದ ಹಾಗೆ ಗಂಡನನ್ನು ನೋಡಿದರು.

ಇವರ ಒಬ್ಬಳೇ ಮಗಳು ಟಾನ್ಯಾ ತೈಲ ಸಾಗಿಸುವ ಹಡಗಿನಲ್ಲಿ ಥರ್ಡ್ ಆಫೀಸರ್. ಕಳೆದ ಸಲ ರಜೆಗೆ ಬಂದಾಗ, ಲೋಕದ ಹಡಗುಗಳೆಲ್ಲ ಎಲ್ಲೆಲ್ಲಿವೆ ಎಂದು ತೋರಿಸುವ ಆ್ಯಪ್ ಒಂದನ್ನು ಅಪ್ಪನ ಫೋನಿಗೆ ಹಾಕಿಕೊಟ್ಟು ಹೋಗಿದ್ದಳು. ನೀಲಿ ಕಡಲಿನಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಕೆಂಪು ಬಾಣ. ಅದು ಟಾನ್ಯಾಳ ಹಡಗು. ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿದದ್ದೇ ಆಂಬ್ರೋಸ್ ಕನ್ನಡಕ ಏರಿಸಿ ಬಾಣ ನೋಡುತ್ತಿದ್ದರು. ನೋಡಿ, ಚರ್ಚಿನ ವಾರ್ಡಿನ ವಾಟ್ಸಾಪ್ ಗುಂಪಿಗೆ ವರದಿ ಒಪ್ಪಿಸುತ್ತಿದ್ದರು. "ಟಾನ್ಯಾ ಈಗ ಮಸ್ಕತ್ತಿನ ಹತ್ತಿರ." "ಟಾನ್ಯಾ ಲಂಗರು ಹಾಕಿದ್ದಾಳೆ." ಹಡಗಿನಲ್ಲಿ ಬೇರೆಯವರೂ ಇದ್ದಾರೆಂಬುದು ವರದಿ ಓದಿದವರಿಗೆ ತಿಳಿಯುವಂತಿರಲಿಲ್ಲ.

ಈ ಭಕ್ತಿಗೆ ಇನ್ನಷ್ಟು ಎಣ್ಣೆ ಹೊಯ್ದವನು ಮೊಬೈಲ್ ಅಂಗಡಿಯ ಸಿದ್ದೀಕ್. ಕೆಥೊಲಿಕ ಗಂಡಸರನ್ನೆಲ್ಲ ಅವನು ಪೊರ್ಬುಗಳೇ ಎಂದೇ ಕರೆಯುವುದು. ಫೋನಿಗೆ ಹೊಸ ಗಾಜು ಅಂಟಿಸುತ್ತ ಒಂದು ದಿನ ಹೇಳಿದ್ದ, "ಈಗ ಅಮೇರಿಕಾದ ಸ್ಯಾಟಲೈಟ್ ಒಂದೇ ಅಲ್ಲ ಪೊರ್ಬುಗಳೇ. ರಷ್ಯಾದ್ದು ಬೇರೆ ಉಂಟು, ಯುರೋಪಿನದ್ದು ಬೇರೆ, ಚೀನಾದ್ದು ಬೇರೆ. ನಮ್ಮದೂ ಉಂಟು. ಒಬ್ಬರದ್ದನ್ನು ಇನ್ನೊಬ್ಬರು ನಂಬುವುದಿಲ್ಲ, ಅದಕ್ಕೆ ಎಲ್ಲರೂ ಅವರವರದ್ದೇ ಮೇಲೆ ಬಿಟ್ಟದ್ದು. ಆದ್ರೆ ಫೋನು ಎಲ್ಲವನ್ನೂ ಒಟ್ಟಿಗೆ ಹಿಡೀತದೆ."

"ಅವರಿಗೆ ಜಗಳ ಇಲ್ವಾ?"

"ಜಗಳ ಜಗಳವೇ. ಫೋನು ಮಾರುವವನಿಗೆ ಎಂತ ಜಗಳ?"

ಆ ವಾರದ ಮದುವೆಯಲ್ಲೇ ಅದು ಟೋಸ್ಟಿಗೆ ಸೇರಿತು. "ಕೆಳಗೆ ಮುಖ ಕೊಟ್ಟು ಮಾತಾಡದ ದೇಶಗಳು ಮೇಲೆ ಒಟ್ಟಾಗಿ ನನ್ನ ಮಗಳನ್ನು ನೋಡಿಕೊಳ್ತಾ ಇದ್ದಾವೆ. ನೀವು ಗಂಡ ಹೆಂಡತಿ ಇಬ್ಬರೇ ಇದ್ದೀರಿ, ನಿಮಗೆ ಎಂತ ಕಷ್ಟ?" ಜನ ಚಪ್ಪಾಳೆ ತಟ್ಟಿದರು. ಒಮ್ಮೆ ಚಪ್ಪಾಳೆ ಬಿದ್ದ ಮಾತನ್ನು ಆಂಬ್ರೋಸ್ ಸುಲಭದಲ್ಲಿ ಬಿಡುವವರಲ್ಲ. ಆ ಸಲದ ಮದುವೆ ಸೀಸನ್ ಇಡೀ ಅದೇ ಟೋಸ್ಟು.

ಅಷ್ಟರಲ್ಲಿ ಕೊಲ್ಲಿಯ ಕಡೆ ಮತ್ತೆ ಗಲಾಟೆ ಸುರುವಾಯಿತು. ಟಿವಿಯಲ್ಲಿ ಕ್ಷಿಪಣಿ, ಹೊಗೆ, ಕೈ ಬೀಸಿ ಮಾತಾಡುವ ತಜ್ಞರು. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಹಾಗಾಗಿ ಆ ತಜ್ಞರ ಮಾತನ್ನು ಮಂಗಳೂರಿನಲ್ಲಿ ಕೇಳುವಷ್ಟು ಕಿವಿಗೊಟ್ಟು ಬೇರೆಲ್ಲೂ ಕೇಳಲಾರರು. ಟಾನ್ಯಾಳ ಹಡಗು ಆ ಕೊಲ್ಲಿಯ ಒಳಗೇ ಇತ್ತು. ಎಣ್ಣೆ ತುಂಬಿಸಿಕೊಂಡು ಕಿರಿದಾದ ಜಲಸಂಧಿಯೊಂದನ್ನು ದಾಟಿ ಹೊರಗೆ ಬರಬೇಕಿತ್ತು.

ಅಂಥದ್ದೊಂದು ಸಂಜೆ ಆಂಬ್ರೋಸ್ ಫೋನು ತೆರೆದರೆ ಬಾಣ ಕಡಲಿನಲ್ಲಿ ಇಲ್ಲ.

ಹುಡುಕಿದರು. ಬಾಣ ನೀಲಿಯನ್ನು ಬಿಟ್ಟು ಹಳದಿಗೆ ಬಂದಿತ್ತು. ಮರಳುಗಾಡಿನ ನಡುವೆ ಯಾವುದೋ ವಿಮಾನ ನಿಲ್ದಾಣ. ಅದರ ರನ್‌ವೇ ಮೇಲೆ, ಬೇರೆ ಹತ್ತಾರು ಬಾಣಗಳ ರಾಶಿಯಲ್ಲಿ, ಟಾನ್ಯಾಳ ಹಡಗು ಗಿರಗಿರನೆ ಸುತ್ತುತ್ತಿತ್ತು.

"ಇಲ್ಲಿ ನೋಡು."

ಎವ್ಲಿನ್ ಫೋನನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. "ಹಡಗು ಹೇಗೆ ಏರ್‌ಪೋರ್ಟಿಗೆ ಹೋಗ್ತದೆ? ಚಕ್ರ ಉಂಟಾ ಅದಕ್ಕೆ?"

"ಅದನ್ನೇ ನಾನು ಕೇಳ್ತಾ ಇದ್ದೇನೆ."

"ನನ್ನ ಹತ್ರ ಕೇಳಿ ಎಂತ ಪ್ರಯೋಜನ? ಅವಳಿಗೆ ಫೋನ್ ಮಾಡಿ."

ಕರೆ ಹೋಗಲಿಲ್ಲ. ಮತ್ತೆ ಮಾಡಿದರು, ಹೋಗಲಿಲ್ಲ. ಎವ್ಲಿನ್ ಬಾಯಿ ಜಪಮಾಲೆ ತೆಗೆದುಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತರು. ಆಂಬ್ರೋಸರೂ ಹಾಗೆಯೇ ಕುಳಿತಿದ್ದರೆ ಆಗುತ್ತಿತ್ತು. ಆದರೆ ಇಷ್ಟು ವರ್ಷ ಮೈಕಿನಲ್ಲಿ ಬದುಕಿದ ಮನುಷ್ಯನಿಗೆ ಹೆದರಿಕೆಯನ್ನು ಒಬ್ಬನೇ ಹೆದರಿ ಗೊತ್ತಿಲ್ಲ. ಪರದೆಯ ಚಿತ್ರ ತೆಗೆದು ಗುಂಪಿಗೆ ಹಾಕಿದರು. ಕೆಳಗೆ ಹಡಗಿನ ಹೆಸರು ಸಮೇತ ಬರೆದರು: "ಟಾನ್ಯಾಳ ಹಡಗು ದಾರಿ ತಪ್ಪಿದೆ. ದಯಮಾಡಿ ಪ್ರಾರ್ಥಿಸಿ."

ನಾವು ಪ್ರಾರ್ಥಿಸಿದೆವು; ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರಾರ್ಥಿಸುವ ಮೊದಲು ಕಳಿಸಬೇಕಾದವರಿಗೆಲ್ಲ ಕಳಿಸಿದೆವು. ಯಾರೋ ಬಹರೈನಿನ ತಂಗಿಗೆ, ತಂಗಿ ಕುವೈಟಿನ ಸಂಘಕ್ಕೆ. ಬಹರೈನಿನಲ್ಲಿ ಹಡಗು ಕಾಣೆಯಾಯಿತು. ಕುವೈಟಿನಲ್ಲಿ ಅಪಹರಣವಾಯಿತು. ಟೊರಾಂಟೋ ಮುಟ್ಟುವಾಗ ಹಡಗಿಗೆ ಬೆಂಕಿ ಬಿದ್ದಿತ್ತು. ಮರುದಿನ ಬೆಳಿಗ್ಗೆ ಆ ಸುದ್ದಿ, ಟಾನ್ಯಾಳ ಕಾಲೇಜಿನ ಫೋಟೋದ ಸುತ್ತ ಮೊಂಬತ್ತಿಗಳ ಅಲಂಕಾರ ಸಮೇತ, ಆಂಬ್ರೋಸರ ಫೋನಿಗೇ ವಾಪಸು ಬಂತು. ಕಳಿಸಿದವರು ವಾರ್ಡಿನ ಮುಖ್ಯಸ್ಥ, ನಮ್ಮ ಮಾತಿನಲ್ಲಿ ಗುರ್ಕಾರ, ಆಲ್ವಿನ್. ಜೊತೆಗೊಂದು ಸಾಲು: "ನಿಮಗೆ ವಿಷಯ ಗೊತ್ತುಂಟಾ ಆಂಬ್ರೋಸ್ ಬಾಬ್?"

ಮೊಂಬತ್ತಿಗಳನ್ನು ಆಂಬ್ರೋಸರು ದೊಡ್ಡದು ಮಾಡಿ ನೋಡಿದರು. ತಾನು ಹೊರಡಿಸಿದ ಸುದ್ದಿಯೇ ಎಂದು ತಿಳಿದಿದ್ದರೂ ಮತ್ತೆ ಮತ್ತೆ ನೋಡಿದರು. ಇವರಿಗೆ ನನಗಿಂತ ಹೆಚ್ಚು ಏನಾದರೂ ತಿಳಿದಿರಬಹುದೇ?

ಮಧ್ಯಾಹ್ನ ಟಾನ್ಯಾಳ ಕರೆ ಬಂತು.

"ಡ್ಯಾಡಿ, ನಾನು ಸರಿ ಇದ್ದೇನೆ. ಮೊದಲು ಅದನ್ನು ಡಿಲೀಟ್ ಮಾಡಿ."

"ನೀನು ಎಲ್ಲಿದ್ದಿ ಮಗಾ? ಏರ್‌ಪೋರ್ಟಿನಲ್ಲಿ..."

"ನೀರಿನಲ್ಲೇ ಇದ್ದೇನೆ. ಬಾಣ ಸುಳ್ಳು ಹೇಳ್ತದೆ. ಇಲ್ಲಿ ಯಾರೋ ಸ್ಯಾಟಲೈಟ್ ಸಿಗ್ನಲ್ ಕೆಡಿಸ್ತಾ ಇದ್ದಾರೆ. ಯಾರಂತ ಗೊತ್ತಿಲ್ಲ. ಎಲ್ಲರೂ ಇರಬಹುದು."

"ಅಷ್ಟು ದೇಶದ್ದು ಉಂಟಲ್ಲ ಮಗಾ. ಒಂದು ಕೆಟ್ಟರೆ ಇನ್ನೊಂದು ನೋಡ್ಬೇಕಲ್ಲ ನಿಮ್ಮನ್ನು?"

"ಅವು ಯಾರನ್ನೂ ನೋಡುವುದಿಲ್ಲ ಡ್ಯಾಡಿ. ಮೇಲಿಂದ ಗಂಟೆ ಎಷ್ಟಾಯ್ತು ಅಂತ ಹೇಳ್ತಾ ಇರ್ತಾವೆ, ಅಷ್ಟೇ. ಅದನ್ನು ಕೇಳಿ ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕ್ಕೊಳ್ಳುವುದು ಹಡಗಿನ ಮಿಶೀನು. ತುಂಬಾ ಸಣ್ಣ ಸ್ವರ ಅದು. ನೀವು ಟೋಸ್ಟ್ ಹೇಳುವಾಗ ಪಕ್ಕದ ಹಾಲಿನವರು ಬ್ಯಾಂಡು ಬಾರಿಸಿದ್ರೆ ನಿಮ್ಮದು ಕೇಳ್ತದಾ?"

"ಇಲ್ಲ."

"ಅಷ್ಟೇ. ಇನ್ನು, ನಿಮ್ಮದೇ ಸ್ವರ ಮಾಡಿ ಯಾರಾದ್ರೂ ಊಟ ಹಿಂದಿನ ಗದ್ದೆಯಲ್ಲಿ ಅಂತ ಹೇಳಿದ್ರೆ?"

ಜನರೆಲ್ಲ ತಟ್ಟೆ ಹುಡುಕಿಕೊಂಡು ಗದ್ದೆಗೆ ಹೋಗುವುದು ಆಂಬ್ರೋಸರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ನಗು ಬರಲಿಲ್ಲ.

"ಎಲ್ಲದರದ್ದೂ ಹಾಗೇ ಕೆಡಿಸ್ತಾರೆ. ನಾವು ರೇಡಾರ್ ನೋಡಿ, ದುರ್ಬೀನು ಹಿಡಿದು ಹೋಗ್ತೇವೆ. ಆಗ್ತದೆ. ಆದ್ರೆ ಡ್ಯಾಡಿ, ನಿಮ್ಮ ಮೆಸೇಜು ಕ್ಯಾಪ್ಟನ್ ಹತ್ರ ಬಂತು. ಹಡಗಿನಲ್ಲಿದ್ದವರ ಮನೆಯವರೆಲ್ಲ ಕಂಪೆನಿ ಆಫೀಸಿಗೆ ಫೋನ್ ಮಾಡಿ ಅತ್ತಿದ್ದಾರೆ. ನಾವು ಎಲ್ಲಿದ್ದೇವೆ, ಎಲ್ಲಿಲ್ಲ ಅಂತ ಊರಿಗೆಲ್ಲ ಸುದ್ದಿ ಆಗುವ ಸಮಯ ಅಲ್ಲ ಇದು. ಇವತ್ತು ಸಂಜೆಯಿಂದ ಎಲ್ಲರಿಗೂ ವೈಫೈ ಬಂದ್."

"ಎಲ್ಲರಿಗೂ?"

"ಎಲ್ಲರಿಗೂ. ಕ್ಯಾಪ್ಟನ್ ರಷ್ಯಾದವರು, ಚೀಫ್ ಇಂಜಿನಿಯರ್ ಉಕ್ರೇನಿನವರು, ದಿನಾ ಒಂದೇ ಮೇಜಿನಲ್ಲಿ ಊಟ ಮಾಡ್ತಾರೆ. ಜಗಳ ಬಂದದ್ದು ನನ್ನ ಡ್ಯಾಡಿಯಿಂದ." ಅವಳು ನಗಲು ನೋಡಿದಳು. "ಬಾಣವನ್ನೂ ಆಫ್ ಮಾಡ್ತೇವೆ. ಕಾಣದಿದ್ರೆ ಹೆದರಬೇಡಿ. ಎಷ್ಟು ದಿನ ಅಂತ ಕೇಳಬೇಡಿ. ಯಾವಾಗ ದಾಟ್ತೇವೆ ಅಂತ ಕೇಳಬೇಡಿ. ಯಾರಿಗೂ ಹೇಳಬೇಡಿ."

"ಮಗಾ, ನಿನಗೇನೂ ತೊಂದರೆ..."

"ಮಮ್ಮಿಗೆ ಫೋನ್ ಕೊಡಿ."

ಎವ್ಲಿನ್ ಬಾಯಿ ಫೋನು ತೆಗೆದುಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಆಂಬ್ರೋಸರು ಏನಾದರೊಂದು ಉತ್ತರ ಕೊಡುತ್ತಿದ್ದರು.

ಸಂಜೆಗೆ ಬಾಣ ಮಾಯವಾಯಿತು. ಆಂಬ್ರೋಸರು ಗುಂಪಿನಿಂದ ಚಿತ್ರವನ್ನು ಅಳಿಸಿದರು; ಬೇರೆ ಊರುಗಳಿಗೆ ಹೋದದ್ದನ್ನು ಅಳಿಸುವುದಕ್ಕಾಗಲಿಲ್ಲ. "ಟಾನ್ಯಾ ಕ್ಷೇಮ, ನನ್ನದೇ ತಪ್ಪು" ಎಂದು ಬರೆದರು. ಯಾರೂ ನಂಬಲಿಲ್ಲ. ಇಷ್ಟು ಚಿಕ್ಕದಾಗಿ ಆಂಬ್ರೋಸ್ ಎಂದೂ ಬರೆದವರಲ್ಲವಾದ್ದರಿಂದ ದೊಡ್ಡದೇನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಊರು ತಿಳಿಯಿತು. ಮನೆಗೆ ಕೇಕು ಹಿಡಿದುಕೊಂಡು ಬಂದವರು ಸಾವಿನ ಮನೆಯಲ್ಲಿ ಮಾತಾಡುವ ಸ್ವರದಲ್ಲಿ ಮಾತಾಡಿದರು. ಸಿದ್ದೀಕ್ ಅಂಗಡಿಯಿಂದ ಎದ್ದು ಬಂದು, "ಪೊರ್ಬುಗಳೇ, ಎಂತ ಆದ್ರೂ ನನ್ನ ಹತ್ರ ಹೇಳಿ" ಎಂದ. ಅವನಿಗೂ ಹೇಳಲಿಲ್ಲ. ಹೇಳಲು ಇದ್ದದ್ದಾದರೂ ಏನು? ಹಡಗು ಈಗ ಜಲಸಂಧಿಯ ಈಚೆಗಿದೆಯೋ, ಒಳಗಿದೆಯೋ, ಆಚೆಗಿದೆಯೋ ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಕೂಡ ಹೇಳುವ ಹಾಗಿರಲಿಲ್ಲ.

ಫೋನು ಮಾತ್ರ ಕೈಬಿಡಲಿಲ್ಲ. ಸಾಲ ಕೊಡುತ್ತೇವೆ ಎನ್ನುವ ಬ್ಯಾಂಕಿನ ಹುಡುಗಿಯರ ಕರೆಗೂ ಮೊದಲ ಸದ್ದಿಗೇ "ಮಗಾ" ಎಂದು ಉತ್ತರಿಸತೊಡಗಿದರು.

ಆ ಶನಿವಾರ ಏವ್ರಿಲ್ ಎಂಬ ಹುಡುಗಿಯ ರೋಸ್, ಅಂದರೆ ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ತಿಂಗಳುಗಳ ಹಿಂದೆ ಒಪ್ಪಿದ್ದು. ತಪ್ಪಿಸಿದರೆ ಸುದ್ದಿಗೆ ಇನ್ನೊಂದು ರೆಕ್ಕೆ. "ಹೋಗಿ" ಎಂದರು ಎವ್ಲಿನ್. "ಮನೆಯಲ್ಲಿದ್ದು ಎಂತ ಮಾಡ್ತೀರಿ? ನಾನೂ ಬರ್ತೇನೆ."

ಅಂಗಳದ ಚಪ್ಪರದಲ್ಲಿ ಹುಡುಗಿಯನ್ನು ಮಣೆಯಲ್ಲಿ ಕೂರಿಸಿ, ಆಂಬ್ರೋಸ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಹೆಂಗಸರು ವೊವಿಯೊ ಎಂಬ ಮದುವೆಯ ಹಾಡು ಎತ್ತಿಕೊಂಡಿದ್ದರು. ಎಂದಿನ ಆಂಬ್ರೋಸ್ ಅಲ್ಲ. ಬರೀ ಹೆಸರು, ಬರೀ ಸಂಬಂಧ. ಹಾಲಿನ ಬಟ್ಟಲು ಹಿಡಿದು ಬಂದ ಆಲ್ವಿನ್ ಮೈಕಿನ ಹತ್ತಿರ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ, "ಟಾನ್ಯಾ ಈಗ ಎಲ್ಲಿ ಆಂಬ್ರೋಸ್ ಬಾಬ್?" ಎಂದರು. ಹಾಡುತ್ತಿದ್ದವರ ಸ್ವರವೂ ತಗ್ಗಿತು.

ಅದೇ ಹೊತ್ತಿಗೆ ಕಿಸೆಯಲ್ಲಿ ಫೋನು ಅಲ್ಲಾಡಿತು. ಗುರುತಿಲ್ಲದ ನಂಬರು. ಆಂಬ್ರೋಸ್ ಮೈಕನ್ನು ಆಲ್ವಿನ್ನರ ಕೈಗಿಟ್ಟು ಚಪ್ಪರದಿಂದ ಹೊರಗೆ ನಡೆದರು. ಕಾರ್ಯಕ್ರಮದ ನಡುವೆ ಅವರು ಮೈಕು ಬಿಟ್ಟದ್ದನ್ನು ಅಲ್ಲಿ ಯಾರೂ ಹಿಂದೆ ನೋಡಿರಲಿಲ್ಲ.

"ಮಗಾ?"

"ನೀವಾ ಆಂಬ್ರೋಸ್ ಅಂದ್ರೆ?" ಹೆಂಗಸಿನ ಸ್ವರ. "ನಾನು ನಸೀಬಾ, ಕಾಸರಗೋಡಿನಿಂದ. ನನ್ನ ಮಗ ಆ ಹಡಗಿನ ಇಂಜಿನ್ ರೂಮಿನಲ್ಲಿದ್ದಾನೆ. ನಿಮ್ಮ ನಂಬರು ಸಿಗ್ಲಿಕ್ಕೆ ನಾನು ಎಷ್ಟು ಜನರ ಹತ್ರ ಕೇಳಿದ್ದೇನೆ ಗೊತ್ತುಂಟಾ? ದಿನಾ ಫೋನ್ ಮಾಡ್ತಿದ್ದ ಮಗ. ನೀವು ಹಾಕಿದ ಮೆಸೇಜಿನಿಂದ ಅದೂ ಇಲ್ಲ. ಎಂತ ಸಿಕ್ಕಿತು ನಿಮಗೆ?"

"ಏನೂ ಸಿಗ್ಲಿಲ್ಲ."

"ಅವನು ಹೋದದ್ದು ಮೊದಲ ಸಲ."

"ನನ್ನದು ತಪ್ಪಾಯಿತು ಬಾಯಿ."

ಇನ್ನಷ್ಟು ಬೈಯಲು ಆಕೆ ಕೂಡಿಟ್ಟುಕೊಂಡು ಬಂದಿದ್ದರು ಎಂದು ತೋರುತ್ತದೆ. ಎದುರಿನಿಂದ ವಾದವೇ ಬಾರದ್ದರಿಂದ ಅದು ಅಲ್ಲಿಗೇ ನಿಂತಿತು. ಕೊನೆಗೆ ಕೇಳಿದರು, "ನಿಮಗೇನಾದ್ರೂ ಗೊತ್ತುಂಟಾ?"

"ಇಲ್ಲ. ದೇವರಾಣೆ ಇಲ್ಲ."

"ಗೊತ್ತಾದ್ರೆ ನನಗೆ ಹೇಳಿ. ಗುಂಪಿಗೆ ಬೇಡ. ನನಗೆ ಹೇಳಿ."

"ನಿಮಗೆ ಗೊತ್ತಾದ್ರೆ ನೀವೂ ಹೇಳಿ."

ಮಾತು ಮುಗಿಯಿತು. ಇಬ್ಬರೂ ಫೋನು ಇಡಲಿಲ್ಲ.

"ಅಲ್ಲಿ ಎಂತ ಹಾಡು?"

"ಮದುವೆದು. ಹುಡುಗಿಗೆ ಹಾಲು ಹಚ್ತಾರೆ."

"ಹಚ್ಲಿ. ನೀವು ಸ್ವಲ್ಪ ಹೊತ್ತು ಇಡಬೇಡಿ."

ಆಂಬ್ರೋಸ್ ಇಡಲಿಲ್ಲ. ಬಾಳೆಗಿಡಗಳ ಪಕ್ಕ ನಿಂತು, ಕಾಸರಗೋಡಿನ ಆ ಮನೆಯ ಫ್ಯಾನಿನ ಸದ್ದು ಕೇಳುತ್ತ ಇದ್ದರು. ಹಿಂದೆ ಚಪ್ಪರದಲ್ಲಿ ಆಲ್ವಿನ್ ಸೋದರಮಾವನನ್ನು ಚಿಕ್ಕಪ್ಪನೆಂದು ಕೂಗಿ ಕರೆಯುತ್ತಿದ್ದರು. ಸರಿಪಡಿಸಲು ಇವರು ಹೋಗಲಿಲ್ಲ.

ಟಾನ್ಯಾಳ ಸುದ್ದಿ ಬಂದದ್ದು ಮುಂದಿನ ವಾರದ ಒಂದು ಮಧ್ಯಾಹ್ನ. "ಹೊರಗೆ ಬಂದೆವು. ಎಲ್ಲರೂ ಕ್ಷೇಮ. ಎಣ್ಣೆ ಇಳಿಸಿ ಮತ್ತೆ ಅಲ್ಲಿಗೇ." ಎವ್ಲಿನ್ ಬಾಯಿ ಅದನ್ನು ಓದಿ ಮುಖಕ್ಕೆ ಸೆರಗು ಒತ್ತಿಕೊಂಡರು. ಆಂಬ್ರೋಸ್ ನಸೀಬಾರಿಗೆ ಕರೆ ಮಾಡಿದರೆ, ಆಕೆ ಇವರಿಗೇ ಮಾಡುತ್ತಿದ್ದರಾದ್ದರಿಂದ ಎರಡೂ ಕಡೆ ಒಂದಷ್ಟು ಹೊತ್ತು ಬ್ಯುಸಿ ಎಂದೇ ಬಂತು. ಸಿಕ್ಕಾಗ ಆಕೆ ಮೊದಲು ನಕ್ಕರು, ಆಮೇಲೆ ಕೇಳಿದರು, "ಮತ್ತೆ ಅದೇ ದಾರಿಯಾ?"

"ಅದೇ."

"ಹಾಗಾದ್ರೆ ಆಗ ಫೋನ್ ಮಾಡ್ತೇನೆ" ಎಂದರು ನಸೀಬಾ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಹೊರಗೆ ಬಂದಾಗ ಆಲ್ವಿನ್ ಅಡ್ಡ ಬಂದರು. "ಗುಂಪಿನಲ್ಲಿ ನಿಮ್ಮ ಸುದ್ದಿಯೇ ಇಲ್ಲ ಮಾರಾಯ್ರೆ. ಟಾನ್ಯಾ ಎಲ್ಲಿ ಈಗ?"

ಆಂಬ್ರೋಸ್ ಬಾಯಿ ತೆರೆದರು. ಇಷ್ಟು ದಿನದ ಮಾತೆಲ್ಲ ಅಲ್ಲೇ, ನಾಲಿಗೆಯ ತುದಿಯಲ್ಲೇ ಇತ್ತು. ಹೆಂಡತಿಯ ಮುಖ ನೋಡಿದರು.

"ಕೆಲಸದಲ್ಲಿ ಇದ್ದಾಳೆ ಆಲ್ವಿನ್" ಎಂದರು ಎವ್ಲಿನ್ ಬಾಯಿ. ಗಂಡನ ತೋಳು ಹಿಡಿದು ಮೆಟ್ಟಿಲು ಇಳಿದರು.