ನಾನು ತಿರುಗಿಸಿದ ಅರ್ಧ ಸುತ್ತು

ನಿಮ್ಮ ಕಿವಿ ಕೆಟ್ಟಿರಲಿಲ್ಲ. ಕೆಡಿಸಿದ್ದು ನಾನು — ಕಿವಿಯನ್ನಲ್ಲ, ನಿಮ್ಮ ಬೈಕಿನ ಕಾರ್ಬ್ಯುರೇಟರನ್ನು. ನೀವು ಹದಮಾಡಿಟ್ಟ ಸ್ಕ್ರೂವನ್ನು, ನೀವು ಸ್ನಾನಕ್ಕೆ ಹೋದ ಹೊತ್ತು ನೋಡಿ, ಅರ್ಧ ಸುತ್ತು ತಿರುಗಿಸಿಬಿಡುತ್ತಿದ್ದೆ. ಒಂದು ಸಲವಲ್ಲ, ಆ ವರ್ಷ ಭಾನುವಾರ ಬಂತೆಂದರೆ ಅದೇ ಕೆಲಸ. ಗಂಡನಿಗೆ ಹೇಳಬೇಕಾದ ಮಾತನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದಿದ್ದೇನೆ.

ಮಲಯಾಳ ನಾಡಿನಲ್ಲಿ, ಪಟ್ಟಂನ ಆ ಬಾಡಿಗೆ ಮನೆ ಈಗಲೂ ಕನಸಿಗೆ ಬರುತ್ತದೆ. ಎಳೆಬಿಸಿಲು, ಅಂಗಳದಲ್ಲಿ ಆಡುವ ತೆಂಗಿನ ಗರಿಯ ನೆರಳು, ಪೆಟ್ರೋಲಿನ ವಾಸನೆಯ ಜತೆ ಪಕ್ಕದ ಮನೆಯಲ್ಲಿ ಬೇಯುವ ಅಕ್ಕಿಪುಟ್ಟಿನ ಹಬೆ. ಮೈಸೂರಿನಿಂದ ರೈಲಿನಲ್ಲಿ ತರಿಸಿಕೊಂಡ ಆ ಹಳೆಯ ಬೈಕಿನ ಪಕ್ಕ ಮಣೆ ಹಾಕಿಕೊಂಡು, ಇಂಜಿನ್ ಬಿಸಿಯಾದ ಮೇಲೆ ನೀವು ಕಣ್ಣು ಮುಚ್ಚುತ್ತಿದ್ದಿರಿ. ಸ್ಕ್ರೂ ಒಳಗೆ — ಇಂಜಿನ್ ಮುಗ್ಗರಿಸುವ ತನಕ. ಮತ್ತೆ ಹೊರಗೆ — ಮತ್ತೆ ಮುಗ್ಗರಿಸುವ ತನಕ. ಎರಡರ ನಡುವೆ ಎಲ್ಲೋ ಪೆಟ್ರೋಲೂ ಗಾಳಿಯೂ ಹದವಾಗಿ ಬೆರೆತು, ಸದ್ದು ಮಲಗಿದ ಮಗುವಿನ ಉಸಿರಿನ ಹಾಗೆ ತಿಳಿಯಾಗುತ್ತಿತ್ತು.

"ಕೇಳೇ, ಈಗ ಕೂತ್ಕೊಂಡ್ತು ನೋಡು," ಎಂದು ನನ್ನನ್ನು ಕರೆಯುತ್ತಿದ್ದಿರಿ. ಆ ಸದ್ದನ್ನು ನನಗೆ ಕಲಿಸಿದವರು ನೀವೇ. ಕಲಿತವಳು ಅದನ್ನು ಯಾವುದಕ್ಕೆ ಬಳಸಿದೆ ನೋಡಿ — ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ವಾರವೆಲ್ಲ ನಿಮಗೆ ಆಫೀಸಿನ ಇಂಗ್ಲಿಷು, ನನಗೆ ಬ್ಯಾಂಕಿನ ಕೌಂಟರಿನಲ್ಲಿ ತಡವರಿಸುವ ಮಲಯಾಳ. ಮಗಳಂತೂ ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಬಾಯ್ತುಂಬ ಕನ್ನಡ ಆಡಲು ನನಗಿದ್ದದ್ದು ಭಾನುವಾರ ಒಂದೇ. ಅದನ್ನೂ ನೀವು ಬೈಕಿಗೆ ಕೊಟ್ಟಿರಿ. ದಾರಿಯಲ್ಲಿ ಎಲ್ಲಿ ಬಿದ್ದೀರೋ ಎಂಬ ಭಯದಿಂದ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ಹೊಟ್ಟೆಕಿಚ್ಚು ಕಣ್ರೀ. ನನ್ನ ಯಾವ ಮಾತಿಗೂ ನೀವು ಹಾಗೆ ಕಣ್ಣು ಮುಚ್ಚಿ ಕಿವಿಗೊಟ್ಟಿರಲಿಲ್ಲ.

ಸ್ಕ್ರೂ ತಿರುಗಿಸಿದ್ದು ಚಿಕ್ಕ ತಪ್ಪು. ದೊಡ್ಡದು ಆಮೇಲಿನದು. ಸ್ನಾನ ಮುಗಿಸಿ ಬಂದು ನೀವು ಗಾಡಿ ಸ್ಟಾರ್ಟ್ ಮಾಡಿದಿರಿ. ಸದ್ದು ಕೊಂಚ ದಪ್ಪಗಾಗಿತ್ತು, ತಾಳ ತಪ್ಪಿತ್ತು.

"ಈಗಷ್ಟೇ ಸರಿಮಾಡಿದ್ನಲ್ಲೇ. ನಿಂಗೆ ಹೇಗೆ ಕೇಳಿಸ್ತಿದೆ?"

"ಸರಿಯಾಗೇ ಇದೆಯಲ್ರೀ."

ಇಷ್ಟೇ ಅಂದದ್ದು. ತಾಳ ತಪ್ಪಿದ್ದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಪ್ರತಿ ಸಲ ಇಷ್ಟೇ ಅಂದೆ.

ಕೊನೆಗೆ ಉಳ್ಳೂರಿನ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದಿರಿ. ಏನೂ ದೋಷವಿಲ್ಲ ಎಂದರು. "ಡಾಕ್ಟ್ರು ಹೇಳ್ತಾರೆ ಬಿಡು. ದಿನಾ ಜೊತೇಲಿರೋಳು ನೀನು, ನೀನೇ ಸದ್ದು ಸರಿಯಿದೆ ಅಂತ ಹೇಳ್ತಿದೀಯಲ್ಲ," ಎಂದಿರಿ. ಕೊಚ್ಚಿಯವರೊಬ್ಬರಿಗೆ ಬೈಕು ಮಾರಿದಿರಿ. ಭಾನುವಾರಗಳು ನನಗೆ ಸಿಕ್ಕವು. ಆದರೆ ನಿಮ್ಮ ಕಿವಿಯ ಮೇಲೆ ನಿಮಗೇ ನಂಬಿಕೆ ಹೋಗಿತ್ತು. "ಬೆಲ್ ಆಯ್ತಾ?" "ಕುಕ್ಕರ್ ಎಷ್ಟು ಕೂಗ್ತೇ?" ಎಲ್ಲಕ್ಕೂ ನನ್ನನ್ನೇ ಕೇಳತೊಡಗಿದಿರಿ.

ಮೊನ್ನೆ ಮದುವೆಗೆಂದು ಕೊಚ್ಚಿಗೆ ಹೋದಾಗ ಆ ಬೈಕು ನೋಡಲು ಹೋದೆವಲ್ಲ. ಅದನ್ನು ಕೊಂಡವರು ಎಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ! "ಸಾರೇ, ಮಿಕ್ಸ್ಚರ್ ಒನ್ನು ನೋಕ್ಕಾಮೋ?" ಎಂದು, ಹದ ಒಮ್ಮೆ ನೋಡಿಕೊಡಿ ಎಂಬಂತೆ ಅವರು ಸ್ಕ್ರೂಡ್ರೈವರ್ ಚಾಚಿದರು. ನೀವು ಅದನ್ನು ನನ್ನ ಕೈಗೆ ಕೊಟ್ಟಿರಿ. "ನನ್ ಕಿವಿ ಹೋಗಿದೆ, ಇವಳದ್ದು ಸೂಕ್ಷ್ಮ," ಎಂದು ಅವರ ಮುಂದೆ ಹೆಮ್ಮೆಯಿಂದ ನಕ್ಕಿರಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸ್ಕ್ರೂ ತಿರುಗಿಸಿದೆ — ಒಳಗೆ, ಹೊರಗೆ. ಸದ್ದು ತಿಳಿಯಾಯಿತು. ನಾನಿನ್ನೂ ಕೈ ತೆಗೆದಿರಲಿಲ್ಲ, ಆಯಿತೆಂದೂ ಹೇಳಿರಲಿಲ್ಲ.

"ಹಾಂ, ಈಗ ಕೂತ್ಕೊಂಡ್ತು," ಎಂದಿರಿ, ಕಣ್ಣು ಮುಚ್ಚಿಕೊಂಡೇ. ಮರುಕ್ಷಣವೇ ಕಣ್ಣು ತೆರೆದು, ಅಳುಕುತ್ತ ನನ್ನ ಕಡೆ ನೋಡಿದಿರಿ: "ಅಲ್ವೇನೇ?"

ಆ "ಅಲ್ವೇನೇ" ನನ್ನನ್ನು ಬಿಟ್ಟಿಲ್ಲ. ವಾಪಸ್ ಬರುವಾಗ, ಕೊಲ್ಲಂ ದಾಟಿ ಕಿಟಕಿಯಾಚೆ ಹಿನ್ನೀರು ಬೆಳ್ಳಗೆ ತೇಲಿ ಹೋಗುತ್ತಿರುವಾಗ, ನೀವು ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದಿರಿ. ನಿಮ್ಮ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು.

ಇಂದು ಭಾನುವಾರ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿ ಸುಮ್ಮನಾಯಿತು. ಪೇಪರ್ ಮಡಿಸಿದ ಸದ್ದು, ಹಿಂದೆಯೇ ನಿಮ್ಮ ದನಿ: "ಎಷ್ಟಾಯ್ತೇ?"

ಒಲೆ ಆರಿಸಿದ್ದೇನೆ. ಕೈ ಒರೆಸಿಕೊಂಡು ನಿಮ್ಮ ಎದುರು ಬಂದು ಕೂತಿದ್ದೇನೆ.

"ನಿಮ್ಗೆ ಎಷ್ಟು ಕೇಳಿಸ್ತೋ ಅಷ್ಟೇರೀ. ಆವತ್ತು ಬೈಕಿನ ಸದ್ದೂ ನಿಮ್ಗೆ ಕೇಳಿಸಿದ್ದೇ ಸರಿ."