ಕಡೂರಿನ ಅಂಗಳದಲ್ಲಿ ಅಡುಂಬು ಬಳ್ಳಿ

ನನ್ನ ಅಣ್ಣ ತೆಂಗಿನಕಾಯಿ ಲಾರಿ ಓಡಿಸುತ್ತಾನೆ. ಮಂಗಳೂರು ಕಡೆಗಿನ ಓಡಾಟದಲ್ಲೇ ಸಂಬಂಧ ಕುದುರಿ, ಕಡಲ ದಂಡೆಯ ಹಳ್ಳಿಯ ಹುಡುಗಿ ನಮಗೆ ಅತ್ತಿಗೆಯಾಗಿ, ನಮ್ಮ ಮಾತಲ್ಲಿ ಭಾಬಿಯಾಗಿ, ಕಡೂರಿಗೆ ಬಂದಳು. ಅವಳ ತವರಿನಲ್ಲಿ ಬ್ಯಾರಿ ಮಾತು, ನಮ್ಮ ಮನೆಯಲ್ಲಿ ದಖನಿ. ಹಾಗಾಗಿ ಅವಳೊಂದಿಗೆ ನಮ್ಮದು ಕನ್ನಡವೇ. ಸೊಸೆಯನ್ನು ಗದರುವುದಕ್ಕೂ ಅಮ್ಮ ಕನ್ನಡವನ್ನೇ ಹಿಡಿಯಬೇಕಿತ್ತು.

ಮದುವೆಯಾದ ಮರುವರ್ಷ, ಮಳೆಗಾಲ ಇನ್ನೇನು ಹಿಡಿಯಬೇಕು ಅನ್ನುವಾಗ, ಅವಳ ತಮ್ಮನಿದ್ದ ಮೀನಿನ ದೋಣಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಅವನು ಬರಲಿಲ್ಲ. ನಾವು ಹೋಗಿ ಆ ದಂಡೆಯಲ್ಲೇ ಕಾದು ಕುಳಿತೆವು. ಎಲ್ಲೆಲ್ಲೂ ಅಡುಂಬು ಬಳ್ಳಿ ಹಬ್ಬಿತ್ತು. ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಳೆ ಹೂವು. ಹೆಣ ಸಿಗಲೇ ಇಲ್ಲ. ಕೊನೆಗೆ ಊರಿನವರು ದೇಹವಿಲ್ಲದೆಯೇ ಜನಾಜಾ ನಮಾಜು ಮುಗಿಸಿದರು. ಹೊರಡುವ ಹೊತ್ತಿಗೆ ಭಾಬಿ ಬಗ್ಗಿ ಒಣಗಿದ ಕಾಯಿಗಳನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಳು.

ಮನೆಗೆ ಬಂದವಳು ಬೀಜಗಳನ್ನು ಖಾಲಿ ಪೇಂಟ್ ಡಬ್ಬಿಯಲ್ಲಿ, ಕೆಮ್ಮಣ್ಣು ಗೊಬ್ಬರ ಹಾಕಿ ಊರಿದಳು. ದಿನಾ ನೀರು ಹುಯ್ದಳು. ಒಂದೂ ಏಳಲಿಲ್ಲ. ಅಮ್ಮನಿಗೆ ಇದು ಹಿಡಿಸಲಿಲ್ಲ.

"ಸಾವಿನ ಮನೆಯಿಂದ ತಂದ ಬಳ್ಳಿ ನಮ್ಮ ಅಂಗಳದಲ್ಲಿ ಯಾಕಮ್ಮಾ ಬೇಕು?" ಎಂದಳು.

"ಅವನಿಗೆ ಕಬರೇ ಇಲ್ಲ ಅಲ್ವಾ ಅಮ್ಮಾ," ಎಂದಳು ಭಾಬಿ. "ನೋಡ್ಲಿಕ್ಕೆ ನನಗೆ ಏನಾದ್ರೂ ಒಂದು ಬೇಕು."

ತವರಿನ ದಂಡೆಯಲ್ಲಿ ಈ ಬೀಜ ಅಲೆಗೆ ಸಿಕ್ಕಿ, ಮರಳಲ್ಲಿ ಉರುಳಿ ಉರುಳಿ ಸವೆದ ಮೇಲೇ ಮೊಳೆಯುವುದು ಎಂದು ಅವಳಿಗೆ ಆಮೇಲೆ ಹೊಳೆಯಿತು. ಉಳಿದ ಬೀಜಗಳನ್ನು ಮರ ನಯಮಾಡುವ ಉಪ್ಪುಕಾಗದಕ್ಕೆ ಒಂದು ಬದಿಯಿಂದ ಉಜ್ಜಿ, ಕಪ್ಪು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತಿದ್ದಂತೆ ನಿಲ್ಲಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದಳು. ಬೆಳಗ್ಗೆ ಉಬ್ಬಿದ್ದವನ್ನಷ್ಟೇ ಆರಿಸಿದಳು. ತಳಕ್ಕೆ ತೂತು ಹೊಡೆದ ಡಬ್ಬಿಗೆ ಅಣ್ಣ ತಂದ ಹೊಳೆಯ ದಪ್ಪ ಮರಳು ತುಂಬಿ, ಹಿಡಿಯಷ್ಟೇ ಮಣ್ಣು ಬೆರೆಸಿ, ಬೆರಳಿನ ಗೆಣ್ಣು ಮುಳುಗುವಷ್ಟು ಆಳದಲ್ಲಿ ಊರಿದಳು. ಇಡೀ ದಿನ ಬಿಸಿಲು ಬೀಳುವ ಕಡೆ ಇಟ್ಟು, ಮೇಲಿನ ಮರಳು ಒಣಗಿದಾಗ ಮಾತ್ರ ನೀರು ಚಿಮುಕಿಸಿದಳು. ಈ ಸಲ ಮೊಳಕೆ ಬಂತು. ಚಳಿಗಾಲದಲ್ಲಿ ಎಲೆ ಹಳದಿಯಾಗಿ ಬೆಳೆಯುವುದು ನಿಂತುಬಿಟ್ಟಿತು. ಬೇಸಿಗೆ ಬಂದಂತೆ ಬಳ್ಳಿ ಡಬ್ಬಿ ದಾಟಿ ಅಂಗಳಕ್ಕಿಳಿಯಿತು. ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಟ್ಟಿತು.

ಮೊದಲ ಹೂ ಅರಳಿದ ಬೆಳಗ್ಗೆ ನಾನೇ ಅವಳನ್ನು ಕರೆದೆ. ಅವಳು ಬಹಳ ಹೊತ್ತು ನೋಡಿದಳು. "ಹೂ ಬಂದ್ರೆ ಎದೆಯ ಭಾರ ಇಳೀತದೆ ಅಂದ್ಕೊಂಡಿದ್ದೆ, ಇಳೀಲಿಲ್ಲ," ಎಂದು ಹೇಳಿ ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಹೂ ಮುದುಡಿತ್ತು.

ಆ ವರ್ಷವೇ ಅಮ್ಮ ತೀರಿಕೊಂಡಳು. ಕಡೆಯ ತಿಂಗಳುಗಳಲ್ಲಿ ಅವಳನ್ನು ಎತ್ತಿ ಕೂರಿಸಿ, ಮೈ ಒರೆಸಿದವಳು ಭಾಬಿ. ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ; ಭಾಬಿಯೂ ನಾನೂ ಮನೆಯಲ್ಲೇ ಉಳಿದೆವು. ಭಾಬಿ ಗೆಣ್ಣು ಇರುವ ಒಂದು ಮೊಳ ಬಳ್ಳಿ ಕತ್ತರಿಸಿ, ಅಣ್ಣನ ಕೈಗೆ ಕೊಟ್ಟು, ಅಮ್ಮನ ಕಬರಿನ ಮೇಲೆ ಎರಡು ಗೆಣ್ಣು ಮಣ್ಣಲ್ಲಿ ಮುಚ್ಚಿ ತುದಿ ಮಾತ್ರ ಹೊರಗೆ ಬಿಡಬೇಕು, ಬೇರು ಹಿಡಿಯುವವರೆಗೆ ನೀರು ತಪ್ಪಿಸಬಾರದು ಎಂದು ತಿಳಿಸಿ ಹೇಳಿದಳು. ಅವನು ಹಾಗೇ ನೆಟ್ಟು ಬಂದ.

ಕೆಲವು ವಾರಗಳ ನಂತರ ಅಣ್ಣ ಹೊಸಿಲಲ್ಲೇ ನಿಂತು, "ಕಬರಸ್ತಾನದೋರು ಕಳೆ ಅಂದ್ಕೊಂಡು ಕಿತ್ತಾಕ್ಬಿಟ್ಟವ್ರೆ ಕಣೇ," ಎಂದ.

ಭಾಬಿ ಅಳಲಿಲ್ಲ. ಚಾಕು ತಗೊಂಡು ಅಂಗಳಕ್ಕೆ ಹೋಗಿ ಇನ್ನೊಂದು ಬಳ್ಳಿ ಕತ್ತರಿಸಿ ತಂದಳು. ಅಣ್ಣ ಅಲ್ಲಿನ ಕೆಲಸದವರಿಗೆ ಕೀಳಬಾರದೆಂದು ಹೇಳಿ ಮತ್ತೆ ನೆಟ್ಟ. ಈಗ ಅದು ಅಮ್ಮನ ಕಬರನ್ನು ಪೂರಾ ಮುಚ್ಚಿದೆಯಂತೆ. ಭಾಬಿ ಅದನ್ನು ಕಣ್ಣಾರೆ ಕಂಡಿಲ್ಲ, ನಾನೂ ಕಂಡಿಲ್ಲ. ಅಣ್ಣ ಶುಕ್ರವಾರ ನಮಾಜು ಮುಗಿಸಿ ಕಬರಸ್ತಾನಕ್ಕೂ ಹೋಗಿ ಬಂದಾಗ ಎಷ್ಟು ಹೂ ಬಂದಿವೆ ಎಂದು ಅವಳು ಕೇಳುತ್ತಾಳೆ, ಅವನು ಹೇಳುತ್ತಾನೆ.