ಸುಲೋಚನಾಬಾಯಿಯ ಟರ್ಬೈನು

ದೇವಾಜಿ ಭೋಯರನ ಹುಬ್ಬು ಒಡೆದದ್ದು ಪೈಪು ಬಿಗಿಯುವ ಪಾನಾದ ಏಟಿಗೆ. ಅವನು ಮೊಣಕಾಲುದ್ದದ ನಾಲಾ ನೀರಿನಲ್ಲಿ ನಿಂತು ಸುಲೋಚನಾ ಕಟ್ಟಿದ್ದ ಒಡ್ಡಿನ ಮರಳು ಚೀಲಗಳನ್ನು ಕುಡುಗೋಲಿನಿಂದ ಸೀಳುತ್ತಿದ್ದ. ದಂಡೆಯಿಂದ ಇಳಿದ ಸುಲೋಚನಾ ಪಾನಾ ಬೀಸಿದಳು. ರಕ್ತ ಅವನ ಕಣ್ಣಿಗಿಳಿದು, ಗಲ್ಲಕ್ಕಿಳಿದು, ನೀರಿಗೆ ಬಿತ್ತು. ಅವನು ಕಣ್ಣೊರೆಸಿಕೊಂಡು ಇನ್ನೊಂದು ಚೀಲ ಸೀಳಿದ. ಅವಳು ಇನ್ನೊಮ್ಮೆ ಬೀಸಿದಳು. ಗಂಡ ಚಿದಂಬರ ಓಡಿಬಂದು ಅವಳನ್ನು ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಅಂದೇ ಒಂದು ಹೆಣ ತೇಲುತ್ತಿತ್ತು.

“ಬಿಡ್ರೀ ನನ್ನ! ಇವತ್ತ ಇವನ ತಲಿ ಒಡೀತೀನಿ.”

“ಒಡದಾತಲ್ಲ, ಇನ್ನೇನ ಉಳದೈತಿ?” ಎಂದ ಚಿದಂಬರ. “ಪಾನಾ ಕೊಡು ಇಲ್ಲೆ. ಅದು ನನ್ನ ಪಾನಾ.”

ಅವನು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡಾಗಿದ್ದು ನಿವೃತ್ತನಾದವನು. ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತು ವಾರ್ಧಾ, ಇಟಾರ್ಸಿ ಅಂತ ಅಲೆದವನಿಗೆ ಜಗಳಕ್ಕೆ ಜನವೇ ಸಿಕ್ಕಿರಲಿಲ್ಲ. ಆ ಮನೆಯ ಸಿಟ್ಟೆಲ್ಲ ಹೆಂಡತಿಯ ಪಾಲಿಗೇ ಬಂದಿತ್ತು. ಮದುವೆಯಾದ ಹೊಸತರಲ್ಲಿ ಸಿಟಿ ಬಸ್ಸಿನಲ್ಲಿ ಸೊಂಟಕ್ಕೆ ಕೈ ಹಾಕಿದವನೊಬ್ಬನ ಬೆರಳನ್ನು ಅವಳು ಹಿಂದಕ್ಕೆ ಮಡಚಿ ಮುರಿದಿದ್ದಳು. ಮುರಿದ ಮೇಲೂ ಬಿಟ್ಟಿರಲಿಲ್ಲ, ಅವನ ಸ್ಟಾಪು ದಾಟುವವರೆಗೆ ಹಿಡಿದೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಚಿದಂಬರ ಟಿಕೆಟ್ಟಿನ ಮೇಲೆ ಕಣ್ಣಿಟ್ಟು ಕೂತಿದ್ದ.

ಸುಲೋಚನಾಳ ದುಡಿಮೆಯೆಲ್ಲ ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ, ಟರ್ಬೈನಿನ ಪಾಳಿಯಲ್ಲಿ. ಕಲ್ಲಿದ್ದಲು ಸುಟ್ಟು, ಆವಿ ಎಬ್ಬಿಸಿ, ಆ ಆವಿಯಿಂದ ತಿರುಗುವ ದೈತ್ಯವನ್ನು ಕಾಯುವ ಕೆಲಸ. ಅಲ್ಲಿ ಹುಟ್ಟಿದ ಕರೆಂಟು ತಂತಿ ಹಿಡಿದು ಎತ್ತಲೋ ಹೋಗುತ್ತಿತ್ತು. ಯಾರ ಮನೆಯ ದೀಪ ತನ್ನದು ಎಂದು ಅವಳಿಗೆ ಒಮ್ಮೆಯೂ ತಿಳಿಯಲಿಲ್ಲ. ನಿವೃತ್ತಿಯಾದ ಮೇಲೆ ನಾಗಪುರದ ಹತ್ತಿರ, ಕಳಮೇಶ್ವರದ ಆಚೆ ನಾಲಾದ ದಂಡೆಗೆ ತುಂಡು ಜಮೀನು ಕೊಂಡು, ಎರಡು ಕೋಣೆ ಕಟ್ಟಿಕೊಂಡು ಬಂದಾಗ ಗಾಳಿ ಬೀಸಿದರೆ ಸಾಕು ಸರಕಾರಿ ಕರೆಂಟು ಹೋಗುತ್ತಿತ್ತು. ನಾಲಾ ಮಾತ್ರ ಬೇಸಿಗೆಯಲ್ಲೂ ಹರಿಯುತ್ತಿತ್ತು. ಮೇಲೆಲ್ಲೋ ಗಣಿಯಿಂದ ಎತ್ತಿ ಬಿಡುವ ನೀರು. ಅವಳು ಅದನ್ನು ನೋಡುತ್ತ ನಿಂತಳು. ಚಿದಂಬರ ಅವಳ ಮುಖ ನೋಡಿದ.

“ಆತು ಬಿಡು,” ಎಂದ. “ನನಗ ಮನಿ ಸಿಗೂದಿಲ್ಲ, ಕಾರ್ಖಾನಿ ಸಿಗತೈತಿ.”

ಮೇಲ್ಗಡೆ ಮರಳು ಚೀಲಗಳ ಒಡ್ಡು. ಅಲ್ಲಿಂದ ದಂಡೆಗುಂಟ ದಪ್ಪ ಪೈಪು. ಕೆಳಗೆ ತಗಡಿನ ಶೆಡ್ಡಿನಲ್ಲಿ ಗುಜರಿಯಿಂದ ತಂದ ಪಂಪು. ಪಂಪು ನೀರನ್ನು ಎತ್ತುತ್ತದೆ. ನೀರೇ ಮೇಲಿಂದ ಬಂದು ಪಂಪನ್ನು ಹಿಂದುಮುಂದಾಗಿ ತಿರುಗಿಸಿದರೆ ಅದೇ ಟರ್ಬೈನು. ಅದಕ್ಕೊಂದು ಬೆಲ್ಟು, ಬೆಲ್ಟಿನ ಇನ್ನೊಂದು ತುದಿಗೆ ಕರೆಂಟು ಹುಟ್ಟಿಸುವ ಹಳೇ ಮೋಟಾರು. ಮನೆಯ ದೀಪ, ಫ್ಯಾನುಗಳಿಗೆ ಬೇಡವಾದ ಕರೆಂಟು ಡ್ರಮ್ಮಿನಲ್ಲಿಟ್ಟ ಹೀಟರ್ ಕಾಯಿಲಿಗೆ ಹೋಗಿ ಸ್ನಾನದ ನೀರು ಕಾಯಿಸುತ್ತಿತ್ತು. ಮೊದಲ ಸಲ ಬಲ್ಬು ಹತ್ತಿದಾಗ ಸುಲೋಚನಾ ಅದರ ಕೆಳಗೆ ನೆಲದ ಮೇಲೆ ಕೂತು ಅತ್ತಳು.

ಒಡ್ಡು ತಡೆದ ನೀರು ಅದರ ಮೇಲ್ಬದಿಗಿದ್ದ ದೇವಾಜಿಯ ಸಂತ್ರಾ ಕಿತ್ತಳೆಯ ತೋಟಕ್ಕೆ ಹಿಮ್ಮೆಟ್ಟಿತು. ನಾಲಾ ಕಡೆಯ ಸಾಲಿನ ಗಿಡಗಳ ಬೇರು ನೀರಲ್ಲಿ ನಿಂತು ಕೊಳೆತವು. ಕಾಂಡ ಬಿರಿದು ಅಂಟು ಸುರಿಯಿತು, ಎಲೆ ಹಳದಿಯಾಯಿತು. ಮೊದಲು ಅವನು ಬುಟ್ಟಿ ತುಂಬ ಹಣ್ಣು ಹೊತ್ತು, “ಒಡ್ಡು ಒಂದು ಚೀಲದಷ್ಟು ತಗ್ಗಿಸಿ, ಸುಲೋಚನಾಬಾಯಿ” ಎಂದು ಕೇಳಲು ಬಂದಿದ್ದ.

“ಒಂದು ಚೀಲ ತಗ್ಗಿಸಿದರೆ ನನ್ನ ಬಲ್ಬು ಮಿಣುಕುತ್ತದೆ. ನಾಲಾ ನಿನ್ನಪ್ಪನದಲ್ಲ,” ಎಂದಳು ಮರಾಠಿಯಲ್ಲಿ.

“ನಿಮ್ಮಪ್ಪನದೂ ಅಲ್ಲ,” ಎಂದು ಅವನು ಬುಟ್ಟಿ ವಾಪಸು ಹೊತ್ತುಕೊಂಡು ಹೋದ. ಅಲ್ಲಿಂದ ಶುರು. ಅವನು ಪೈಪನ್ನು ಕೊಡಲಿಯಿಂದ ಕಡಿದ. ಅವಳು ಅವನ ಬಾವಿ ಪಂಪಿನ ಸ್ಟಾರ್ಟರನ್ನು ಕಲ್ಲಿನಿಂದ ಜಜ್ಜಿದಳು. ಅವನ ಕಲ್ಲುಗಳು ತಗಡಿನ ಮೇಲೆ ಬಿದ್ದವು. ಅವುಗಳಲ್ಲೊಂದು ಚಿದಂಬರನ ಹಲ್ಲು ಉದುರಿಸಿತು. ಆಮೇಲೆ ಪಾನಾ, ಹುಬ್ಬು.

ಶ್ರಾವಣದಲ್ಲಿ ಮಳೆ ಹಿಡಿಯಿತು. ನೀರು ಎರಡನೇ ಸಾಲಿನ ಗಿಡಗಳನ್ನೂ ಮುಟ್ಟಿದ ದಿನ ದೇವಾಜಿ ಹಾರೆ ಹಿಡಿದು ಬಂದ. ಒಡ್ಡಿನ ತಂಟೆಗೆ ಹೋಗದೆ ನೇರ ಶೆಡ್ಡಿಗೇ ನುಗ್ಗಿದ. ಸುಲೋಚನಾ ಗೋಡೆಯ ಬಳಿ ನಿಂತು ಮೀಟರು ನೋಡುತ್ತಿದ್ದಳು.

“ಒಡ್ಡು ನೂರು ಸಲ ಕಟ್ಟುತ್ತೀಯ,” ಎಂದು ಕೂಗಿದ. “ಇದನ್ನು ಎಷ್ಟು ಸಲ ಕಟ್ಟುತ್ತೀಯೋ ನೋಡೋಣ!”

“ಮುಟ್ಟಿ ನೋಡು, ಕೈ ಕತ್ತರಿಸುತ್ತೇನೆ!”

ಅವನು ಹಾರೆಯನ್ನು ಓಡುವ ಬೆಲ್ಟಿನೊಳಗೆ ತಿವಿದ. ಬೆಲ್ಟು ಹಾರೆಯನ್ನು ಕಿತ್ತೆಸೆಯಿತು. ಅದರ ಹಿಂದೆಯೇ ಅಂಗಿಯ ತೊಯ್ದ ತೋಳು ಸಿಕ್ಕಿತು, ಅದರೊಡನೆ ಬಲಗೈ. ಬೆಲ್ಟು ಮತ್ತು ಗಾಲಿಯ ನಡುವೆ ಕೈ ಕಚ್ಚಿಕೊಂಡು ಯಂತ್ರ ಗುರುಗುಟ್ಟುತ್ತ ನಿಧಾನವಾಯಿತು. ದೇವಾಜಿ ಇನ್ನೊಂದು ಕೈಯಿಂದ ಕಂಬ ಹಿಡಿದು ಮೈಯೆಲ್ಲ ಹಿಂದಕ್ಕೆ ಜಗ್ಗುತ್ತಿದ್ದ. ಅವನು ಮತ್ತು ನೀರು ಸರಿಸಮವಾಗಿದ್ದರು.

ಸುಲೋಚನಾ ಸ್ವಿಚ್ಚು ಎಳೆದಳು.

ಕೋರಾಡಿಯಲ್ಲಿ ಪಳಗಿದ ಕೈ ಅದು. ಅಲ್ಲಿ ಏನೇ ಅನಾಹುತವಾಗಲಿ, ಮೊದಲು ಸ್ವಿಚ್ಚು ಬೀಳಿಸಬೇಕು. ಆ ಕ್ಷಣವೇ ಆವಿಯ ಬಾಗಿಲು ತಾನಾಗಿ ಮುಚ್ಚುತ್ತದೆ. ಇಲ್ಲಿ ನೀರಿಗೆ ಅಂಥ ಬಾಗಿಲಿರಲಿಲ್ಲ. ಸ್ವಿಚ್ಚಿನ ಪಕ್ಕದಲ್ಲೇ ಕೈಯಿಂದ ತಿರುಗಿಸುವ ವಾಲ್ವಿತ್ತು. ಅದನ್ನು ಕೂರಿಸಿದವಳೂ ಅವಳೇ. ದೀಪಗಳೂ ಕಾಯಿಲೂ ಎಳೆದುಕೊಳ್ಳುತ್ತಿದ್ದ ಬಲವೆಲ್ಲ ಒಮ್ಮೆಲೇ ಸಡಿಲಾಗಿ ದೇವಾಜಿಯ ತೋಳಿಗೆ ಬಂತು. ಯಂತ್ರ ಕಿರುಚಿತು. ತೋಳು ಮೊಣಕೈಯವರೆಗೆ ಒಳಗೆ ಹೋಯಿತು, ಎಳೆಯ ಕಬ್ಬು ಮುರಿದಂತೆ ಮುರಿಯಿತು. ಕೂಗೂ ಬರಲಿಲ್ಲ ಅವನಿಗೆ. ಬಾಯಿ ಮಾತ್ರ ತೆರೆಯಿತು.

ಆಗ ಅವಳಿಗೆ ಹೊಳೆಯಿತು. ವಾಲ್ವಿಗೆ ಬಿದ್ದು ತಿರುಗಿಸಿದಳು. ತಿರುಗಿಸಿದಷ್ಟೂ ಮುಗಿಯದ ಚಕ್ರ. ನೀರು ನಿಂತಾಗ ದೇವಾಜಿ ಗಾಲಿಗೆ ನೇತುಬಿದ್ದಿದ್ದ. ಸೆರಗು ಹರಿದು ತೋಳಿಗೆ ಬಿಗಿದು ಕಟ್ಟಿದಳು. ಚಿದಂಬರ ರಸ್ತೆಗೆ ಓಡಿ ಟೆಂಪೋ ನಿಲ್ಲಿಸಿದ. ನಾಗಪುರದ ಆಸ್ಪತ್ರೆಯಲ್ಲಿ ಮೊಣಕೈಯ ಮೇಲಕ್ಕೆ ಕತ್ತರಿಸಿದರು.

ಊರೆಲ್ಲ ಅವಳನ್ನು ಹೊಗಳಿತು. ಬಾಯಿ ಕೂಡಲೇ ಕರೆಂಟು ಬಂದ್ ಮಾಡಿದಳು, ಇಲ್ಲದಿದ್ದರೆ ಇಡೀ ಮನುಷ್ಯನೇ ಹೋಗುತ್ತಿದ್ದ. ಪೊಲೀಸರೂ ಹಾಗೇ ಬರೆದುಕೊಂಡರು. ದೇವಾಜಿಯ ಹೆಂಡತಿ ವಾಸಂತಿ ಆಸ್ಪತ್ರೆಯಿಂದ ನೆಟ್ಟಗೆ ಅವಳ ಮನೆಗೆ ಬಂದು ಕಾಲು ಹಿಡಿದಳು.

“ಇನ್ನು ಒಡ್ಡಿನ ಸುದ್ದಿ ಎತ್ತುವುದಿಲ್ಲ ಎಂದಿದ್ದಾರೆ ಅವರು. ನಿಮ್ಮ ಯಂತ್ರ ನಡೆಯಲಿ ಬಾಯಿ. ಜೀವ ಉಳಿಸಿದ್ದೀರಿ.”

ವಾಸಂತಿ ಹೋದ ಮೇಲೆ ಸುಲೋಚನಾ ಬಾಗಿಲಲ್ಲೇ ನಿಂತಿದ್ದಳು.

“ಸ್ವಿಚ್ಚು ಎಳೀಬಾರದಿತ್ತು,” ಎಂದಳು. “ವಾಲ್ವು ತಿರುವಿದ್ದರ ಕೈ ಉಳೀತಿತ್ತು. ಕೈ ತಗದದ್ದು ನಾನ.”

“ಇದನ್ನ ಬಲ್ಲಾವ್ರು ನಾವಿಬ್ಬರ,” ಎಂದ ಚಿದಂಬರ. “ಯಂತ್ರಾ ಉಳೀತು, ಜಗಳಾ ಮುಗೀತು. ಬಾಯಿ ಮುಚ್ಚಿಕೊಂಡಿರು. ಒಂದ ಸಲಾ, ನನ್ನ ಸಲುವಾಗಿ.”

“ಆಕಿ ನನ್ನ ಕಾಲ ಹಿಡದಳ್ರೀ.”

ಮರುದಿನ ಬೆಳಿಗ್ಗೆ ಅವಳು ನಾಲಾಕ್ಕಿಳಿದು ಒಡ್ಡಿನ ಚೀಲಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ಉಗುರು ಕಿತ್ತು ರಕ್ತ ಬಂತು. ತಡೆದಿದ್ದ ನೀರು ಧುಮುಕಿ ಹೋಯಿತು. ದಂಡೆಯ ಮೇಲೆ ಕೂತ ಚಿದಂಬರ ಬೈಯಲೂ ಇಲ್ಲ, ಕೈ ಹಚ್ಚಲೂ ಇಲ್ಲ. ಒದ್ದೆ ಸೀರೆ ಬದಲಿಸಿ ಅವಳು ಬಸ್ಸು ಹತ್ತಿದಳು.

ವಾರ್ಡಿನಲ್ಲಿ ದೇವಾಜಿ ಗೋಡೆಗೊರಗಿ ಕೂತಿದ್ದ. ವಾಸಂತಿ ಎದ್ದು ಸ್ಟೂಲು ಕೊಟ್ಟಳು. ಸುಲೋಚನಾ ಕೂರಲಿಲ್ಲ. ನಿಂತೇ ಹೇಳಿದಳು: ಸ್ವಿಚ್ಚು ಯಾವುದು, ವಾಲ್ವು ಯಾವುದು, ತನ್ನ ಕೈ ಯಾವುದಕ್ಕೆ ಹೋಯಿತು, ಆಮೇಲೆ ಬೆಲ್ಟಿಗೆ ಏನಾಯಿತು. ಒಡ್ಡು ಒಡೆದೆ ಎಂದಳು.

ವಾಸಂತಿ ತನ್ನ ಬಾಯಿಗೆ ಸೆರಗು ತುರುಕಿಕೊಂಡಳು. ದೇವಾಜಿ ಮಂಚದ ಬದಿಯ ಸ್ಟೀಲಿನ ತಂಬಿಗೆಯನ್ನು ಎಡಗೈಯಿಂದ ಎತ್ತಿ ಎಸೆದ. ಅದು ಅವಳ ಕಿವಿಯ ಪಕ್ಕ ಹಾದು ಗೋಡೆಗೆ ಬಡಿದು ಉರುಳಿತು. ನರ್ಸು ಓಡಿಬಂದಳು, ಪಕ್ಕದ ಮಂಚದವರು ಎದ್ದು ಕೂತರು.

“ಎಡಗೈಗೆ ಇನ್ನೂ ಗುರಿ ಬಂದಿಲ್ಲ,” ಎಂದ ದೇವಾಜಿ ಏದುತ್ತ. “ಹತ್ತಿರ ಬಾ.”

ಸುಲೋಚನಾ ನರ್ಸಿನ ಕೈಯನ್ನು ಪಕ್ಕಕ್ಕೆ ಸರಿಸಿ, ಸ್ಟೂಲನ್ನು ಅವನ ಎಡಗೈಗೆ ಎಟುಕುವಷ್ಟು ಹತ್ತಿರ ಎಳೆದುಕೊಂಡು, ಕೂತಳು.